ಒಂದು ತಟ್ಟೆಯಲ್ಲಿ ಇಪ್ಪತ್ತಮೂರು ಜನ

ಸೈಕಲ್ ಅಂಗಡಿ ಮೇಲಿನ ಕೋಣೆ,
ಹನ್ನೊಂದನೇ ತಾರೀಖು, ಗುರುವಾರ ಮಧ್ಯಾಹ್ನ.

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಗಂಟಲು ಹೇಗಿದೆ? ಹೋದ ವಾರ ಫೋನಿನಲ್ಲಿ ನಿನ್ನ ದನಿ ನೆಲದ ಮೇಲೆ ತಗಡು ಎಳೆದ ಹಾಗೆ ಕೇಳುತ್ತಿತ್ತು. ಕಾರ್ಮಿಕ ಸಂಘದ ಮುಖಂಡನೆಂದು ದಿನಕ್ಕೆ ಎರಡು ಸಭೆ, ಸಭೆಗೆ ಒಂದೊಂದು ಗಂಟೆ ಕೂಗಿದರೆ ಯಾರ ಗಂಟಲು ತಾನೇ ಉಳಿದೀತು? ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಬೇಕಂತೆ, ಅಮ್ಮ ಹೇಳಿದ್ದಾಳೆ. ಅಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಅದರ ಪಾಡಿಗೆ ಅದಿದೆ, ಇವಳು ಇವಳ ಪಾಡಿಗೆ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾಳೆ. ಅತ್ತಿಗೆಯ ಕೈಗೆ ಸುತ್ತಿದ್ದ ಪಟ್ಟಿಯನ್ನು ಸೋಮವಾರ ಬಿಚ್ಚಿದರು. ಬಲಗೈಯ ಎರಡು ಬೆರಳು ಇನ್ನು ಮಡಚುವುದಿಲ್ಲವಂತೆ. ನೀನು ಕೇಳಲಿಲ್ಲ, ಆದರೂ ಬರೆಯುತ್ತಿದ್ದೇನೆ. ಈ ನಾಲ್ಕು ತಿಂಗಳಲ್ಲಿ ನೀನು ಫೋನು ಮಾಡಿದ್ದು ಹದಿನಾಲ್ಕು ಸಲ. ಹದಿನಾಲ್ಕು ಸಲವೂ ನಿನ್ನ ಬಾಯಿಂದ ಮೊದಲು ಬಂದದ್ದು ಒಂದೇ ಮಾತು: "ಡಿವಿಡಿ ಎಲ್ಲಿಗೆ ಬಂತು ಪುಟ್ಟೀ?" ನಿನ್ನ ಹೆಂಡತಿಯ ಕೈ ಎಲ್ಲಿಗೆ ಬಂತು ಎಂದು ಹದಿನೈದನೇ ಸಲವಾದರೂ ಕೇಳು.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂಗುಡುತ್ತೇನೆ. ಹುಟ್ಟಿದಾಗಿನಿಂದ ಹೂಂಗುಟ್ಟು ಹೂಂಗುಟ್ಟು ನನಗೆ ಅದೇ ಅಭ್ಯಾಸವಾಗಿದೆ. ಕಾಗದದಲ್ಲಿ ನೀನು ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ಒಂದು ಕಡೆ ಕೂತು ಪೂರ್ತಿ ಓದು. ಎದ್ದು ಹೋಗಬೇಡ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಯಾಕೆಂದರೆ ಊರಿಂದೂರಿಗೆ ಹೋಗುತ್ತ ನಿನ್ನ ಭಾಷಣದಲ್ಲಿ ಅದು ಬೇರೆಯೇ ಆಕಾರಕ್ಕೆ ತಿರುಗುತ್ತಿದೆ ಎಂದು ಕೇಳಿದ್ದೇನೆ. ನಾಲ್ಕು ತಿಂಗಳ ಹಿಂದೆ ಚೀಲ ಹೊಲಿಯುವ ಕಾರ್ಖಾನೆಯ ಅಂಟಿನ ಕೋಣೆಯಲ್ಲಿ ಬೆಂಕಿ ಹತ್ತಿತು. ಮುಂಬಾಗಿಲ ಕಡೆಯೇ ಬೆಂಕಿ ಇದ್ದುದರಿಂದ ಹೊಲಿಗೆ ಹಾಲಿನಲ್ಲಿದ್ದವರೆಲ್ಲ ಪಕ್ಕದ ಬಾಗಿಲಿಗೆ ಓಡಿದರು. ಪಕ್ಕದ ಬಾಗಿಲಿಗೆ ಹೊರಗಿನಿಂದ ಬೀಗ. ಹನ್ನೊಂದು ಜನ ಆ ಬಾಗಿಲ ಬುಡದಲ್ಲಿ ಸತ್ತರು. ಕಿಟಕಿಯ ಸರಳು ಕಿತ್ತು ಹೊರಬಿದ್ದವರಲ್ಲಿ ಅತ್ತಿಗೆಯೂ ಒಬ್ಬರು. ಆಡಳಿತದವರು ವಿಚಾರಣಾ ಸಮಿತಿಯ ಮುಂದೆ ಏನು ಬರೆದುಕೊಟ್ಟಿದ್ದಾರೆ ಗೊತ್ತೇ? ಬಾಗಿಲು ಬರೀ ಮುಚ್ಚಿತ್ತು, ಅದಕ್ಕೆ ಬೀಗ ಎಂಬುದು ಯಾವತ್ತೂ ಇರಲಿಲ್ಲ, ಹೆಂಗಸರು ಗಾಬರಿಯಲ್ಲಿ ಎಳೆಯುವ ಬಾಗಿಲನ್ನು ತಳ್ಳಿದರು. ಹತ್ತು ವರ್ಷ ಆ ಬಾಗಿಲಲ್ಲಿ ಓಡಾಡಿದವರಿಗೆ ಅದನ್ನು ಎಳೆಯಬೇಕೋ ತಳ್ಳಬೇಕೋ ಗೊತ್ತಿಲ್ಲವಂತೆ! ಸತ್ತವರ ಮೇಲೆ ಹೊರಿಸಲು ಇದಕ್ಕಿಂತ ಹಗುರವಾದ ಸುಳ್ಳು ಇವರಿಗೆ ಸಿಗಲಿಲ್ಲ.

ನಮ್ಮ ವಕೀಲರು ಬರೆದ ಹೇಳಿಕೆಗಳಲ್ಲಿ ಬೆಂಕಿಯಿಂದ ಉಳಿದು ಬಂದ ಇಪ್ಪತ್ತಮೂರು ಹೆಂಗಸರೂ ಒಂದೇ ಬಾಯಿಂದ ಮಾತಾಡಿದ ಹಾಗೆ ಕಾಣುತ್ತದೆ, ಅದಕ್ಕೇ ವಿಡಿಯೋ ಮಾಡೋಣ ಎಂದದ್ದು ನಾನು. ಮದುವೆ ವಿಡಿಯೋ ಮಾಡಿ ಬದುಕುವ ಇದೇ ಕ್ಯಾಮೆರಾದಲ್ಲಿ ಒಬ್ಬೊಬ್ಬರನ್ನೇ ಈ ಕೋಣೆಯಲ್ಲಿ ಕೂರಿಸಿ ಮಾತಾಡಿಸಿದೆ. ಬೆಂಕಿಯ ಮರುದಿನ ಕಾರ್ಖಾನೆಗೆ ನುಗ್ಗಿ ಆ ಬಾಗಿಲಿನ ಹೊರಮೈಯ ಚಿತ್ರವನ್ನೂ ತೆಗೆದಿದ್ದೆ. ಮಸಿ ಹಿಡಿದ ಕತ್ತಲಲ್ಲಿ ಆರು ನಿಮಿಷ, ಅದರಲ್ಲಿ ಚಿಲಕಕ್ಕೆ ನೇತುಬಿದ್ದ ಬೀಗ ಕಾಣುತ್ತದೆ. ಮೂರನೇ ದಿನ ಹೋದಾಗ ಬೀಗವೂ ಇರಲಿಲ್ಲ, ಚಿಲಕವೂ ಇರಲಿಲ್ಲ. ಲೋಕದಲ್ಲಿ ಆ ಬಾಗಿಲ ಮೇಲೆ ಬೀಗ ಉಳಿದಿರುವುದು ನನ್ನ ಆರು ನಿಮಿಷದಲ್ಲಿ ಮಾತ್ರ.

ಈಗ ಸಮಿತಿಯ ಕಚೇರಿಯ ಕಥೆ ಕೇಳು. ಅಲ್ಲಿ ಒಬ್ಬ ಗುಮಾಸ್ತನಿದ್ದಾನೆ, ಮೊಹರನ್ನು ಕೈಯಿಂದ ಕೆಳಗಿಡುವವನೇ ಅಲ್ಲ. ಅದಕ್ಕೇ ನಾವೆಲ್ಲ ಅವನನ್ನು ಮೊಹರಪ್ಪ ಎನ್ನುತ್ತೇವೆ. "ಒಂದು ಅರ್ಜಿಗೆ ಒಂದೇ ಡಿವಿಡಿ ಕಣಮ್ಮ," ಎಂದ. ಹನ್ನೊಂದು ಜನ ಸತ್ತಿದ್ದಾರೆ ಸ್ವಾಮಿ ಎಂದೆ. "ಸತ್ತೋರು ಎಷ್ಟಾದ್ರೂ ಇರ್ಲಿ, ಅರ್ಜಿ ಒಂದೇ ತಾನೆ?" ಎಂದ. ಪೆನ್ ಡ್ರೈವ್ ಕೊಡಲೇ ಎಂದರೆ, ಅದನ್ನು ಚುಚ್ಚುವುದಕ್ಕೆ ಅವರ ಪೆಟ್ಟಿಗೆಯಲ್ಲಿ ತೂತೇ ಇಲ್ಲ. ಎರಡು ಪದರದ ಡಿವಿಡಿ ಬರುತ್ತದೆ, ಎರಡರಷ್ಟು ಹಿಡಿಯುತ್ತದೆ, ಅದನ್ನು ತಂದು ತೋರಿಸಿದೆ. ವಿಚಾರಣೆಯ ಹಾಲಿನಲ್ಲಿ ಟಿವಿ ಕೆಳಗಿಟ್ಟಿರುವ ಆ ಹಳೇ ಪ್ಲೇಯರು ಅದನ್ನು ನುಂಗಿ, ಸ್ವಲ್ಪ ಹೊತ್ತು ಗುರುಗುಟ್ಟಿ, ಉಗಿಯಿತು. ಮೊಹರಪ್ಪನಿಗೆ ಖುಷಿಯೋ ಖುಷಿ. ಇಪ್ಪತ್ತಮೂರು ಜನ ಬೇರೆ ಬೇರೆ ಅರ್ಜಿ ಹಾಕಿದ್ದರೆ ಇಪ್ಪತ್ತಮೂರು ಡಿವಿಡಿ ಕೊಡಬಹುದಿತ್ತು. ಎಲ್ಲರೂ ಸಂಘದ ಹೆಸರಿನಲ್ಲೇ ಒಂದು ಅರ್ಜಿ ಹಾಕಿ, ಒಗ್ಗಟ್ಟು ಕಾಣಬೇಕು ಎಂದವನು ನೀನು. ಆ ಒಗ್ಗಟ್ಟು ಈಗ ಒಂದು ಡಿವಿಡಿ ತಟ್ಟೆಯಷ್ಟು ಅಗಲವಿದೆ ಅಣ್ಣಾ.

ಅಷ್ಟರಲ್ಲಿ ಡಿವಿಡಿಯಲ್ಲಿ ಏನೇನಿರಬೇಕು ಎಂಬ ನಿನ್ನ ಪಟ್ಟಿ ಬಂತು. ಅದನ್ನು ಮೇಜಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ, ಸಿಟ್ಟು ಇಳಿದಾಗಲೆಲ್ಲ ಓದಿಕೊಳ್ಳುತ್ತೇನೆ. ಮೊದಲು ಸಂಘದ ಬಾವುಟ ಹಾರಬೇಕು. ಆಮೇಲೆ ಶ್ರದ್ಧಾಂಜಲಿ ಸಭೆಯಲ್ಲಿ ನೀನು ಮಾಡಿದ ಭಾಷಣ, ನಲವತ್ತೆರಡು ನಿಮಿಷ, "ಕತ್ತರಿ ಹಾಕಬಾರದು" ಎಂದು ಕೆಳಗೆ ಗೆರೆ. ಆಮೇಲೆ ಕೇಂದ್ರ ಕಚೇರಿಯ ಹಿರಿಯರ ಸಂದೇಶ, ಹದಿನೈದು ನಿಮಿಷ. ಆಮೇಲೆ ಮೆರವಣಿಗೆ ಇಪ್ಪತ್ತು. ಎಲ್ಲಕ್ಕಿಂತ ಕೊನೆಗೆ, ಹಾಳೆ ಮುಗಿದುಹೋಗಿ ಅಂಚಿನಲ್ಲಿ ಅಡ್ಡಲಾಗಿ, "ಸಂತ್ರಸ್ತ ಮಹಿಳೆಯರ ಕೆಲವು ಮಾತುಗಳು." ಕೆಲವು! ಊಟಕ್ಕೆ ಕೂತವರಿಗೆ ಉಪ್ಪು ಬಡಿಸುವ ಹಾಗೆ ಕೆಲವು. ಯಾರ ಮಾತು, ಎಷ್ಟು ಹೊತ್ತು, ನೀನು ಬರೆಯಲಿಲ್ಲ. ಬಾವುಟ ಯಾವ ಕಡೆಯಿಂದ ಯಾವ ಕಡೆಗೆ ಹಾರಬೇಕು ಎಂದು ಬರೆದಿದ್ದೀಯ.

ಆದರೂ ನಾನು ತಂಗಿಯಲ್ಲವೇ? ಎಲ್ಲವನ್ನೂ ತುರುಕಲು ನೋಡಿದೆ. ನಿನ್ನದು, ಹಿರಿಯರದು, ಮೆರವಣಿಗೆ, ಇಪ್ಪತ್ತಮೂರು ಹೆಂಗಸರ ಮಾತು ಪೂರ್ತಿ, ಬಾಗಿಲು. ಒಟ್ಟು ಮೂರು ಗಂಟೆ ಐವತ್ತು ನಿಮಿಷ. ಖಾಲಿ ಡಿವಿಡಿಗೆ ಗಂಟೆಯ ಲೆಕ್ಕ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಭಾರ ಮಾತ್ರ. ಎರಡು ಗಂಟೆ ಹಾಕಿದರೆ ಮುಖ ಮುಖವಾಗಿರುತ್ತದೆ. ನಾಲ್ಕು ಗಂಟೆ ಹಾಕಬೇಕೆಂದರೆ ಒಂದೊಂದು ಕ್ಷಣವನ್ನೂ ಹಿಂಡಿ ಹಿಪ್ಪೆ ಮಾಡಬೇಕು. ಅದರಲ್ಲೂ ಮೋಸ ನೋಡು: ಹೊದಿಕೆಯ ಮೇಲೆ ನಾಲ್ಕು ಪಾಯಿಂಟ್ ಏಳು ಜಿಬಿ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ, ಕಂಪ್ಯೂಟರಿನ ಲೆಕ್ಕದಲ್ಲಿ ಅದೇ ತಟ್ಟೆ ನಾಲ್ಕು ಪಾಯಿಂಟ್ ಮೂರು ಏಳೇ. ಇಬ್ಬರೂ ಬೇರೆ ಬೇರೆ ಸೇರಿನಲ್ಲಿ ಅಳೆಯುತ್ತಾರೆ. ಮದುವೆಗಳು ಎಂದೂ ಅಂಚಿನವರೆಗೆ ತುಂಬುವುದಿಲ್ಲ, ಹಾಗಾಗಿ ಎಂಟು ವರ್ಷದಲ್ಲಿ ನನಗೆ ಇದು ತಟ್ಟಿರಲಿಲ್ಲ. ಹೊದಿಕೆ ನಂಬಿ ನಾಲ್ಕು ಪಾಯಿಂಟ್ ಆರರ ತನಕ ತುಂಬಿದೆ. ಅರ್ಧ ದಿನ ಕೂತು ತಯಾರಾದದ್ದನ್ನು ತಟ್ಟೆಗೆ ಬರ್ನ್ ಮಾಡಲು ಹೋದರೆ ಜಾಗವಿಲ್ಲ ಎಂದಿತು. ಇನ್ನೂ ಹಿಂಡಿದೆ. ಕೊನೆಗೆ ಹಿಡಿಸಿತು. ಹಿಡಿಸಿದ್ದು ಏನು ಎಂದು ಭಾನುವಾರ ಗೊತ್ತಾಯಿತು.

ಭಾನುವಾರ ಮಧ್ಯಾಹ್ನ ಹೆಂಗಸರೆಲ್ಲ ಬಂದರು. ಅರ್ಧ ಜನ ನೆಲದ ಮೇಲೆ, ಉಳಿದವರು ಮೆಟ್ಟಿಲ ಮೇಲೆ. ಅಂಟಿನ ಕೋಣೆಯಿಂದ ಓಡಿಬಂದು ಬಾಗಿಲ ಬುಡದಲ್ಲಿ ಸತ್ತವನ ಹೆಂಡತಿ ಮುಂದೆಯೇ ಕೂತಿದ್ದಳು. ಅವಳ ಸರದಿ ಬಂದಾಗ ಬಗ್ಗಿ ಪರದೆಯನ್ನೇ ನೋಡಿದಳು. "ಇದ್ಯಾರು? ನಾನಾ? ಕಣ್ಣೇ ಇಲ್ವಲ್ಲೇ ಇವಳಿಗೆ!" ಎಂದಳು. ಯಾರೋ ಹಿಂದಿನಿಂದ "ಅತ್ತೂ ಅತ್ತೂ ಕರಗಿಹೋಗಿದ್ದೀಯ" ಎಂದು ನಗಿಸಲು ನೋಡಿದರು, ಯಾರೂ ನಗಲಿಲ್ಲ. ನಿಜಕ್ಕೂ ಕಣ್ಣಿರಲಿಲ್ಲ ಅಣ್ಣಾ. ಮುಖದ ಜಾಗದಲ್ಲಿ ಚೌಕ ಚೌಕ, ಬಚ್ಚಲಿನ ಕಲ್ಲು ಹಾಸಿದ ಹಾಗೆ. ಅತ್ತಿಗೆ ಕೈ ಎತ್ತಿ ತೋರಿಸುವ ಕಡೆ ಕೆಂಪು ಬಣ್ಣದ ಒಂದು ಉಂಡೆ ಅಲ್ಲಾಡುತ್ತದೆ. ಬಾಗಿಲು ಬಂತು. ಕತ್ತಲೆಯೆಂದರೆ ಈ ಹಿಂಡುವ ಯಂತ್ರಕ್ಕೆ ಯಾವಾಗಲೂ ಅಸಡ್ಡೆ. ಅಲ್ಲೇನೂ ಇಲ್ಲ ಎಂದು ತಾನೇ ತೀರ್ಮಾನಿಸಿ ಇಡೀ ಜಾಗಕ್ಕೆ ಒಂದೇ ಕಪ್ಪು ಬಳಿದುಬಿಡುತ್ತದೆ. ಬೀಗ ಇರಲಿಲ್ಲ. ಆಡಳಿತದವರ ವಕೀಲ ಏನು ಹೇಳುತ್ತಿದ್ದಾನೋ ಅದನ್ನೇ ನಾನು ನನ್ನ ಕೈಯಾರೆ ಚಿತ್ರ ಮಾಡಿಟ್ಟಿದ್ದೆ. ಸ್ಪಷ್ಟವಾಗಿ ಉಳಿದದ್ದು ಒಂದೇ: ಹಗಲು ಬೆಳಕಿನಲ್ಲಿ, ಬಿಳಿ ಅಂಗಿಯಲ್ಲಿ, ಬಿಳಿ ಗೋಡೆಯ ಮುಂದೆ ಅಲ್ಲಾಡದೆ ನಿಂತ ನೀನು.

ಆಗ ನಡೆದದ್ದನ್ನು ಕೇಳು. ಏನಾದರೂ ತೆಗೆಯಲೇಬೇಕು ಎಂದೆ. ತಕ್ಷಣ ಒಬ್ಬಳು "ನಂದು ತೆಗೀರಿ, ನಾನು ಹೇಳಿದ್ದು ಅಷ್ಟೇನಿಲ್ಲ" ಎಂದಳು. ಇನ್ನೊಬ್ಬಳು "ನಂದೂ ತೆಗಿ, ಅವಳ ಗಂಡ ಹೋಗಿದ್ದಾನೆ, ಅವಳದಿರಲಿ" ಎಂದಳು. ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಡುವ ಹಾಗೆ ಒಬ್ಬೊಬ್ಬರೇ ಎದ್ದು ತಮ್ಮ ಮಾತನ್ನು ಬಿಟ್ಟುಕೊಟ್ಟರು. ಬೆಂಕಿಯಿಂದ ಎದ್ದು ಬಂದವರು! ಹುಟ್ಟಿದಾಗಿನಿಂದ ಸರಿದು ಸರಿದು ಕೂತವರಿಗೆ ಇಲ್ಲಿಯೂ ಸರಿಯುವುದೇ ಮೊದಲು ತೋಚಿತು. ನಿನ್ನ ಭಾಷಣ ತೆಗೆ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಕೊನೆಗೆ ಜಿಪ್ ಹಾಕುವ ವಿಭಾಗದ ಅಕ್ಕ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡೇ ಮಾತಾಡುತ್ತಾಳಲ್ಲ ಅವಳು, ಅದನ್ನು ಕಿಟಕಿಯಾಚೆ ಉಗಿದು ಬಂದು ಕೇಳಿದಳು: "ಅಣ್ಣೋರ ಭಾಷಣ ನಾವು ಹತ್ತು ಸಲ ಕೇಳಿದೀವಿ, ಚೆನ್ನಾಗಿದೆ. ಆದ್ರೆ ಬೆಂಕಿ ಬಿದ್ದ ದಿನ ಅಣ್ಣೋರು ಒಳಗಿದ್ರಾ?" ಎಲ್ಲರೂ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ನೆಲ ನೋಡಿದರು.

ಅವತ್ತು ಸಂಜೆ ನಿನಗೆ ಫೋನು ಮಾಡಿ, ಭಾಷಣ ತೆಗೆಯಲೇ ಎಂದು ಕೇಳಿದೆ. ನಿನಗೆ ನೆನಪಿರಬಹುದು, ನನಗಂತೂ ಒಂದೊಂದು ಅಕ್ಷರವೂ ನೆನಪಿದೆ. "ತಲೇನೇ ತೆಗೆದ್ರೆ ಮುಂಡ ಏನು ಮಾತಾಡುತ್ತೆ ಪುಟ್ಟೀ?" ಎಂದೆ ನೀನು. "ಅವರು ಹೇಳಿದ್ದನ್ನೆಲ್ಲ ನಾನು ಸಾರಾಂಶವಾಗಿ ಹೇಳಿದೀನಲ್ಲ, ಅವರ ಪರವಾಗಿ" ಎಂದೂ ನೀನೇ ಅಂದೆ. ಹೌದು, ಹೇಳಿದ್ದೀಯ. ನಲವತ್ತೆರಡು ನಿಮಿಷವನ್ನು ಮೂರು ಸಲ ಕೂತು ಹುಡುಕಿದೆ. ಇಪ್ಪತ್ತೆಂಟನೇ ನಿಮಿಷದಲ್ಲಿ "ನಮ್ಮ ತಾಯಂದಿರು, ಸಹೋದರಿಯರು ಅನುಭವಿಸಿದ ನೋವನ್ನು ಪದಗಳಲ್ಲಿ ಹೇಳಲಾಗದು" ಎಂದಿದ್ದೀಯ. ಇಪ್ಪತ್ತಮೂರು ಜನ ಪದಗಳಲ್ಲೇ ಹೇಳಿದ್ದಾರೆ ಅಣ್ಣಾ. ನನ್ನ ಯಂತ್ರಕ್ಕಿಂತ ಚೆನ್ನಾಗಿ ಹಿಂಡುತ್ತೀಯ ನೀನು. ಆದರೆ ಅವತ್ತು ಇದನ್ನು ನಿನಗೆ ಹೇಳಲಿಲ್ಲ, ಹೂಂ ಎಂದೆ. ಹೂಂ ಎಂದು ಬಂದು ಹೆಂಗಸರ ಮೇಲೆಯೇ ಕತ್ತರಿ ಆಡಿಸಿದೆ. ಎರಡು ಗಂಟೆಯ ತಟ್ಟೆ, ಅದರಲ್ಲಿ ನಿನ್ನ ಪಟ್ಟಿಗೆ ಎಪ್ಪತ್ತೇಳು ನಿಮಿಷ, ಬಾಗಿಲಿಗೆ ಆರು. ಉಳಿದದ್ದರಲ್ಲಿ ಒಬ್ಬೊಬ್ಬರಿಗೆ ಒಂದೂವರೆ ನಿಮಿಷ.

ಒಂದೂವರೆ ನಿಮಿಷ ಎಂದರೆ ಏನೆಂದು ನಿನಗೆ ಗೊತ್ತಾಗಬೇಕು. ಹೊಲಿಗೆ ಹಾಲಿನ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಒಬ್ಬಳಿದ್ದಾಳೆ. ಹೊಗೆಯಲ್ಲಿ ಏನೂ ಕಾಣದೆ ಮಿಷನ್ನುಗಳನ್ನು ಮುಟ್ಟಿ ಮುಟ್ಟಿ ಎಣಿಸಿಕೊಂಡು ಬಾಗಿಲ ಕಡೆ ಬಂದವಳು. ನನ್ನ ಕ್ಯಾಮೆರಾ ಮುಂದೆಯೂ ಹಾಗೆಯೇ ಕೈಚಾಚಿ ಎಣಿಸುತ್ತಾಳೆ. ಒಂದನೇದು, ಅದರ ಮೇಲೆ ಬಿಸಿ ಕತ್ತರಿ. ಎರಡನೇದು, ಅದರ ಕೆಳಗೆ ಯಾರದೋ ಕಾಲು. ಹೀಗೆ ಹದಿನೇಳು. ಹದಿನೇಳನೇ ಮಿಷನ್ನಿನ ಪಕ್ಕ ಬಾಗಿಲು, ಅದನ್ನು ಎಳೆದಳು, ತಳ್ಳಿದಳು, ಆಚೆ ಕಡೆ ಬೀಗ ಬಾಗಿಲಿಗೆ ಬಡಿಯುವ ಸದ್ದು ಕೇಳಿಸಿತು. ಬೀಗದ ಸದ್ದು ಕೇಳಿದವಳು ಅವಳೊಬ್ಬಳೇ. ಇದನ್ನು ಹೇಳಲು ಅವಳಿಗೆ ಏಳು ನಿಮಿಷ ಬೇಕು. ಒಂದೂವರೆ ನಿಮಿಷಕ್ಕೆ ಕತ್ತರಿಸಿದರೆ ಅವಳು ಐದನೇ ಮಿಷನ್ನಿನ ಹತ್ತಿರ ನಿಂತುಬಿಡುತ್ತಾಳೆ. ಬಾಗಿಲವರೆಗೆ ಬರುವುದೇ ಇಲ್ಲ. ನಾನು ಅವಳನ್ನು ಅಲ್ಲಿ ನಿಲ್ಲಿಸಿದೆ ಅಣ್ಣಾ, ಹೊಗೆಯ ಮಧ್ಯೆ, ನಿನ್ನ ಬಾವುಟಕ್ಕೆ ಜಾಗ ಮಾಡಲು.

ಸೋಮವಾರ ನನ್ನ ತಪ್ಪೊಂದು ನನಗೇ ಸಿಕ್ಕಿತು. ಮದುವೆ ವಿಡಿಯೋದಲ್ಲಿ ಹಾಡು ಕೆಡಬಾರದು ಎಂದು ನಾವು ಶಬ್ದವನ್ನು ಹಿಂಡುವುದಿಲ್ಲ, ಬಂದ ಹಾಗೇ ಬಿಡುತ್ತೇವೆ. ಇಲ್ಲಿಯೂ ಕೈ ತನ್ನ ಅಭ್ಯಾಸದಂತೆ ಹಾಗೇ ಬಿಟ್ಟಿತ್ತು. ಹಾಗೆ ಬಿಟ್ಟ ಶಬ್ದ ತಟ್ಟೆಯ ಕಾಲುಭಾಗಕ್ಕಿಂತ ಹೆಚ್ಚು ತಿನ್ನುತ್ತದೆ. ಅದರಲ್ಲಿ ಮಾತಿಗೆಷ್ಟು ಜಾಗವೋ ಮಾತಿಲ್ಲದೆ ಕೂತಾಗಲೂ ಅಷ್ಟೇ ಜಾಗ. ಹೆಂಗಸರು ಮಾತು ನಿಲ್ಲಿಸಿ ಗೋಡೆ ನೋಡುತ್ತಿದ್ದರಲ್ಲ, ಆ ಹೊತ್ತೂ ತೂಗುತ್ತಿತ್ತು. ಶಬ್ದವನ್ನು ಹಿಂಡಿದೆ. ಮನುಷ್ಯರ ಮಾತು ಹಿಂಡಿದರೂ ಕೆಡುವುದಿಲ್ಲ, ಹಾಗೆಯೇ ಕೇಳಿಸುತ್ತದೆ. ಒಂದೇ ಏಟಿಗೆ ನಲವತ್ತು ನಿಮಿಷದ ಜಾಗ! ಮುಖಗಳಿಗೆ ಏನೂ ಆಗದೆ! ಕೋಣೆಯಲ್ಲಿ ಒಬ್ಬಳೇ ಕುಣಿದೆ, ಕೆಳಗಿನ ಸೈಕಲ್ ಅಂಗಡಿಯವನು ಸೂರು ಬಡಿದ. ದಡ್ಡಿ ನಾನು, ಆ ಖುಷಿಯಲ್ಲಿ ಮೊದಲು ಫೋನು ಮಾಡಿದ್ದು ನಿನಗೆ. ನೀನು ಏನೆಂದೆ? "ಒಳ್ಳೇದಾಯ್ತು! ಇಲ್ಲಿ ಹೋದ ವಾರ ಮಾಡಿದ ಭಾಷಣ ಇನ್ನೂ ಚೆನ್ನಾಗಿ ಬಂದಿದೆ. ಮೂವತ್ತೆಂಟು ನಿಮಿಷ. ಕಳಿಸ್ತೀನಿ, ಅದನ್ನೂ ಸೇರಿಸು."

ಮೂವತ್ತೆಂಟು ನಿಮಿಷ. ಕಾರ್ಖಾನೆಯವರು ನಮ್ಮ ಉಸಿರಿಗೆ ಜಾಗ ಕೊಡಲಿಲ್ಲ ಎಂದು ಕೂಗುವವನು ನೀನೇ ಅಲ್ಲವೇ? ನಮ್ಮವರ ಮಾತಿಗೆ ಒಂದಿಷ್ಟು ಜಾಗ ಸಿಕ್ಕಿತು ಎನ್ನುವಷ್ಟರಲ್ಲಿ ಅಲ್ಲಿ ಬಂದು ಟವೆಲ್ಲು ಹಾಸುವವನೂ ನೀನೇ. ಆಡಳಿತದವರು ಕಸಿದರೆ ಅದು ದೌರ್ಜನ್ಯ, ನೀನು ಕಸಿದರೆ ನಾಯಕತ್ವವೇ? ನಿನ್ನಿಂದಲೇ ಕಲಿತ ಮಾತುಗಳು ಇವು, ನಿನ್ನ ಕಡೆಗೇ ತಿರುಗಿಸುತ್ತಿದ್ದೇನೆ, ತಡೆದುಕೋ. ಹದಿನೈದು ವರ್ಷದವಳಿದ್ದಾಗ ನನ್ನ ಕೈಗೆ ಗೋಡೆಗೆ ಬರೆಯುವ ಕುಂಚ ಕೊಟ್ಟು, ಹೆದರಬೇಡ, ದೊಡ್ಡದಾಗಿ ಬರಿ ಎಂದವನು ನೀನು. ದೊಡ್ಡದಾಗಿಯೇ ಬರೆಯುತ್ತಿದ್ದೇನೆ.

ಫೋನಿಟ್ಟ ಕೂಡಲೇ ನಿನ್ನ ಭಾಷಣ ತೆಗೆದೆ. ಹಿರಿಯರ ಸಂದೇಶ ತೆಗೆದೆ. ಮೆರವಣಿಗೆ ತೆಗೆದೆ, ಬಾವುಟ ತೆಗೆದೆ, ಪದಾಧಿಕಾರಿಗಳ ಹೆಸರು ಉರುಳುವ ಕೊನೆಯ ಭಾಗ ತೆಗೆದೆ. ಇಪ್ಪತ್ತಮೂರು ಜನರನ್ನೂ ಪೂರ್ತಿ ವಾಪಸು ಕೂರಿಸಿದೆ, ಒಬ್ಬರ ಒಂದು ಕೆಮ್ಮನ್ನೂ ಕತ್ತರಿಸದೆ. ಹದಿನೇಳು ಮಿಷನ್ನೂ ಬಂದವು. ಬಾಗಿಲಿಗೆ ಬೇಕಾದಷ್ಟು ಜಾಗ ಕೊಟ್ಟೆ. ಬೀಗ ಈಗ ಎಷ್ಟು ಚೆನ್ನಾಗಿ ಕಾಣುತ್ತದೆಂದರೆ ಅದರ ಹೊಟ್ಟೆಯ ಮೇಲಿನ ಗೀರೂ ಕಾಣುತ್ತದೆ. ಎಲ್ಲ ಸೇರಿ ಎರಡು ಗಂಟೆ ಮೂವತ್ತಮೂರು ನಿಮಿಷ, ಕಣ್ಣಿಗೆ ಕಣ್ಣಿದೆ, ಕೈಗೆ ಬೆರಳಿದೆ. ಅಷ್ಟಾದ ಮೇಲೂ ತಟ್ಟೆಯಲ್ಲಿ ಒಂಬತ್ತು ನಿಮಿಷ ಉಳಿಯಿತು.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಕೊಟ್ಟು ಬಂದೆವು. ಜಿಪ್ ಅಕ್ಕ, ಅತ್ತಿಗೆ, ನಾನು. ಹಾಲಿನ ಪ್ಲೇಯರಿನಲ್ಲಿ ಹಾಕಿ ನೋಡದೆ ಕದಲುವುದಿಲ್ಲ ಎಂದು ಮೂವರೂ ಬೆಂಚಿನ ಮೇಲೆ ಕೂತೆವು. ಮೊಹರಪ್ಪ ಗೊಣಗುತ್ತ ಹಾಕಿದ. ಓಡಿತು. ಮೊದಲ ಮುಖ ಬಂದದ್ದೇ ಅವನು ಕೈಯಲ್ಲಿದ್ದ ಮೊಹರನ್ನು ಕೆಳಗಿಟ್ಟ. ನಾನು ಅದನ್ನು ನೋಡಿದ್ದು ಅದೇ ಮೊದಲು. ಪಕ್ಕದಲ್ಲಿ ಆಡಳಿತದವರ ಡಿವಿಡಿಯೂ ಇತ್ತು. ಅವರದು ಹನ್ನೆರಡೇ ನಿಮಿಷವಂತೆ. "ನೋಡಮ್ಮ, ಎಷ್ಟು ಚಿಕ್ಕದಾಗಿ ಚೊಕ್ಕವಾಗಿ ಮಾಡಿದಾರೆ" ಎಂದ. ಜಿಪ್ ಅಕ್ಕ ಸುಮ್ಮನಿರುತ್ತಾಳೆಯೇ? "ಸುಳ್ಳಿಗೆ ಜಾಸ್ತಿ ಜಾಗ ಬೇಡ ಸಾರ್, ಹೊರಗಡೆಯಿಂದ ಮುಚ್ಚಿದ್ರೆ ಸಾಕು" ಎಂದಳು. ವಿಚಾರಣೆ ಬರುವ ಗುರುವಾರ, ಹದಿನೆಂಟನೇ ತಾರೀಖು, ಬೆಳಿಗ್ಗೆ ಹತ್ತೂವರೆಗೆ.

ನಿನ್ನ ಭಾಷಣವನ್ನು ನಾನು ಬಿಸಾಡಿಲ್ಲ. ಬೇರೆ ತಟ್ಟೆಗೆ ಹಾಕಿ ಈ ಕಾಗದದ ಜೊತೆ ಕಳಿಸಿದ್ದೇನೆ. ಇಡೀ ತಟ್ಟೆಯಲ್ಲಿ ನೀನೊಬ್ಬನೇ, ಕೈಕಾಲು ಚಾಚಿಕೊಂಡು ಇದ್ದೀಯ. ಬಣ್ಣ ಬಹಳ ಚೆನ್ನಾಗಿ ಬಂದಿದೆ. ಊಟ ತಪ್ಪಿಸಬೇಡ. ಅಂಗಿ ಒಗೆಯಲು ಅಲ್ಲಿ ಯಾರೂ ಇಲ್ಲವೆಂದು ಅಮ್ಮನಿಗೆ ಚಿಂತೆ. ಎರಡು ಅಂಗಿ ಕಳಿಸುತ್ತಾಳಂತೆ. ಅವಳ ಆಶೀರ್ವಾದ ನಿನ್ನ ಮೇಲೆ ಇದ್ದೇ ಇದೆ, ಅದಕ್ಕೆ ನನ್ನ ಒಪ್ಪಿಗೆ ಬೇಕಾಗಿಲ್ಲ. ಹೆಂಗಸರೆಲ್ಲ ನಿನ್ನನ್ನು ಕೇಳಿದ್ದಾಗಿ ತಿಳಿಸಲು ಹೇಳಿದರು, ತಿಳಿಸಿದ್ದೇನೆ.

ಸಿಟ್ಟಿನಿಂದಲೂ ಪ್ರೀತಿಯಿಂದಲೂ,
ನಿನ್ನ ತಂಗಿ
ಪುಟ್ಟಿ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅಂಚೆ ಹೊರಡುವ ಹೊತ್ತಾಗಿದೆ, ಬೇಗ ಬೇಗ ಬರೆಯುತ್ತೇನೆ. ಉಳಿದ ಒಂಬತ್ತು ನಿಮಿಷಕ್ಕೆ ಬೆಂಕಿಗೆ ಮುಂಚಿನ ಬಾಗಿಲಿನ ಚಿತ್ರ ಏನಾದರೂ ಇದೆಯೇ ಎಂದು ಮಂಗಳವಾರ ಹಳೆಯ ಟೇಪುಗಳನ್ನು ಹುಡುಕಿದೆ. ಒಂದು ಮದುವೆಯ ಟೇಪಿನ ಕೊನೆಗೆ ಹೋದ ವರ್ಷದ ಒಪ್ಪಂದದ ಸಭೆ ಸಿಕ್ಕಿತು, ನಾನೇ ತೆಗೆದದ್ದು, ತೆಗೆದು ಮರೆತದ್ದು. ಕತ್ತರಿಸುವ ಹಾಲಿನ ಮೇಜಿನ ಮೇಲೆ ನೀನು ನಿಂತಿದ್ದೀಯ, ಪಕ್ಕದಲ್ಲಿ ಮ್ಯಾನೇಜರು. "ಪಕ್ಕದ ಬಾಗಿಲಿಂದ ಹೊತ್ತಿಗೆ ಮುಂಚೆ ಜನ ಜಾರ್ತಾರೆ ಅಂತ ಇವರ ದೂರು. ಬೀಗ ಹಾಕ್ಕೊಳ್ಲಿ, ನಾನು ಒಪ್ಪಿದೀನಿ. ಬದಲಿಗೆ ಊಟದ ಬಿಡುವು ಹತ್ತು ನಿಮಿಷ ಜಾಸ್ತಿ ತಗೊಂಡಿದೀನಿ!" ಎನ್ನುತ್ತೀಯ. ಮ್ಯಾನೇಜರು ನಗುತ್ತ ಬೀಗವನ್ನು ಎತ್ತಿ ತೋರಿಸುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಅಲ್ಲಿ ಚಿತ್ರ ಅಲ್ಲಾಡುತ್ತದೆ. ಕ್ಯಾಮೆರಾ ಕಂಕುಳಲ್ಲಿಟ್ಟು ನಾನೂ ಹೊಡೆದೆ. ಬೀಗ ಹಾಕಿಸಿದ್ದು ಯಾರು ಎಂದು ನಾನು ಕೇಳಿದಾಗಲೆಲ್ಲ ಹೆಂಗಸರು "ಮೇಲಿನವರು" ಎಂದಷ್ಟೇ ಹೇಳಿ ನಿಲ್ಲಿಸಿದ್ದರು. ನಿನ್ನ ತಂಗಿಯ ಎದುರು ಇನ್ನೇನು ಹೇಳುತ್ತಾರೆ?

ಬೀಗವೇ ಇರಲಿಲ್ಲ ಎನ್ನುವವರ ಕೈಯಲ್ಲಿ ಬೀಗ ಕಾಣುವುದು ಇದೊಂದರಲ್ಲೇ ಅಣ್ಣಾ. ನಿನ್ನನ್ನು ಬಿಟ್ಟು ಅದನ್ನು ಮಾತ್ರ ಕತ್ತರಿಸಿ ತೆಗೆಯಲು ಬರುವುದಿಲ್ಲ, ಇಬ್ಬರೂ ಒಂದೇ ಚಿತ್ರದಲ್ಲಿದ್ದೀರಿ. ಬುಧವಾರ ಅತ್ತಿಗೆಗೆ ತೋರಿಸಿದೆ. ಎರಡು ಸಲ ನೋಡಿದರು. "ಹಾಕು. ಆದ್ರೆ ಅವರು ಅಲ್ಲಿ ಕೂತು ಇದನ್ನ ಮೊದಲ ಸಲ ನೋಡೋ ಹಾಗೆ ಮಾಡಬೇಡ, ಮುಂಚೆನೇ ಬರಿ" ಎಂದರು. ಒಂಬತ್ತು ನಿಮಿಷವೂ ಪೂರ್ತಿ ಹಾಕಿದ್ದೇನೆ, ಅದು ಈಗ ಸಮಿತಿಯ ಕಪಾಟಿನಲ್ಲಿದೆ. ಗುರುವಾರ ನೀನು ಬಂದರೂ ಓಡುತ್ತದೆ, ಬರದಿದ್ದರೂ ಓಡುತ್ತದೆ. ಬಾ. ಇದು ನೀನೇನಾ ಎಂದು ಅವರು ಕೇಳುತ್ತಾರೆ; ಎದ್ದು ನಿಂತು ಹೌದು ಅನ್ನು, ಕೂತುಕೋ. ಬುಧವಾರ ಬೆಳಗಿನ ರೈಲಿಗೇ ಹೊರಡು. ಸಂಜೆಯದು ನಂಬುವ ಹಾಗಿಲ್ಲ.